ಮಗಳಿಗೆ ರಿಯಾ ಅಂತ ಹೆಸರಿಡೋಣ ಅಂತಿದ್ದೇವೆ, ಗೊತ್ತಿದ್ದವರು ಹೇಳಿ

ಮುಂದಿನ ವಾರ ನಾಮಕರಣ. ಚಿತ್ತಾ ನಕ್ಷತ್ರ, ‘ರಿ’ ಅಕ್ಷರ ಬಂದಿದೆ. ನಮ್ಮಿಬ್ಬರಿಗೂ ರಿಯಾ ಇಷ್ಟ. ಆದರೆ ಒಂದು ಕಡೆ ಹಾಡುಗಾರ್ತಿ ಅಂತ ಅರ್ಥ ಕೊಟ್ಟಿದ್ದಾರೆ, ಇನ್ನೊಂದು ಕಡೆ ಗ್ರೀಕ್ ದೇವತೆ ಅಂತಿದ್ದಾರೆ. ಅರ್ಥ ಗೊತ್ತಿಲ್ಲದ ಹೆಸರು ಬೇಡ ಅಂತ ಅತ್ತೆ ಹಟ ಹಿಡಿದಿದ್ದಾರೆ. ಈ ಹೆಸರು ಇಟ್ಟವರು ಯಾರಾದ್ರೂ ಇದ್ದೀರಾ?

ಉತ್ತರ 1: ನಮ್ಮ ದೊಡ್ಡವಳು ರಿಯಾ. ಹಾಡುಗಾರ್ತಿ ಅನ್ನೋ ಅರ್ಥ ನಾವೂ ಹುಡುಕಿದೆವು, ನಮ್ಮ ಮನೆಯ ಸಂಸ್ಕೃತ ನಿಘಂಟಿನಲ್ಲಂತೂ ಸಿಗಲಿಲ್ಲ. ಗ್ರೀಕ್ ಕಥೆ ಮಾತ್ರ ಗಟ್ಟಿ. ರಿಯಾ ಅಂದರೆ ಗ್ರೀಕರ ದೇವರಾಜ ಜ್ಯೂಸ್‌ನ (Zeus) ತಾಯಿ. ಅವಳ ಗಂಡ ಕ್ರೋನಸ್, ತನ್ನ ಮಗುವೇ ತನ್ನನ್ನು ಪಟ್ಟದಿಂದ ಇಳಿಸುತ್ತೆ ಅನ್ನೋ ಭಯಕ್ಕೆ ಹುಟ್ಟಿದ ಐದೂ ಮಕ್ಕಳನ್ನು ನುಂಗಿಬಿಡುತ್ತಾನೆ, ಆರನೆಯದು ಹುಟ್ಟಿದಾಗ ಇವಳು ಕಲ್ಲಿಗೆ ಬಟ್ಟೆ ಸುತ್ತಿ ಅವನ ಕೈಗೆ ಕೊಟ್ಟು, ಮಗುವನ್ನು ಕ್ರೀಟ್ ದ್ವೀಪದ ಗುಹೆಯಲ್ಲಿ ಬಚ್ಚಿಡುತ್ತಾಳೆ. ಅಳು ಕೇಳಿಸಬಾರದು ಅಂತ ಕಾವಲಿನವರು ಗುರಾಣಿ ಬಡಿದು ಕುಣಿದರಂತೆ. ನಮ್ಮಮ್ಮ ಕೇಳಿದವರೇ ‘ಓ, ದೇವಕಿ ಕಥೆ!’ ಅಂದರು. ಅಲ್ಲಿಗೆ ಒಪ್ಪಿಗೆ ಸಿಕ್ಕಿತು. ಆ ಕಲ್ಲನ್ನು ಗ್ರೀಸ್‌ನ ಪುಣ್ಯಕ್ಷೇತ್ರ ಡೆಲ್ಫಿಯಲ್ಲಿ ಇಟ್ಟು ದಿನಾ ಎಣ್ಣೆ ಸುರಿಯುತ್ತಿದ್ದರು ಅಂತ 2ನೇ ಶತಮಾನದ ಪ್ರವಾಸಿ ಪೌಸೇನಿಯಸ್ ಬರೆದಿದ್ದಾನೆ. ನಿಮ್ಮ ಅತ್ತೆಗೆ ಇದನ್ನೂ ಹೇಳಿ, ಕೆಲಸ ಆಗುತ್ತೆ.

ಉತ್ತರ 2: ರಿಯಾ ಹೆಸರಿಗೆ ‘ಹರಿಯುವುದು’ ಅನ್ನೋ ಅರ್ಥವೂ ಇದೆ, ಅದು ಗ್ರೀಕರೇ ಹೇಳಿದ್ದು, ತತ್ವಜ್ಞಾನಿ ಪ್ಲೇಟೋ ಕಾಲದಲ್ಲೇ ಇತ್ತು. ಇನ್ನು ಕೆಲವರು ‘ಭೂಮಿ’ ಅನ್ನುವ ಪದಕ್ಕೆ ಜೋಡಿಸಿದರು. ಎರಡೂ ಊಹೆಯೇ, ಹೆಸರು ಗ್ರೀಕರಿಗಿಂತ ಹಳೆಯದಿರಬಹುದು ಅಂತಲೂ ವಿದ್ವಾಂಸರು ಹೇಳುತ್ತಾರೆ. ಸುಮ್ನೆ ‘ದೇವರ ತಾಯಿ’ ಅಂದುಬಿಡಿ.

ಉತ್ತರ 3: ಗಲ್ಫ್‌ಗೆ ಹೋಗೋ ಯೋಚನೆ ಇದ್ದರೆ ಗೊತ್ತಿರಲಿ, ಅರಬ್ಬಿಯಲ್ಲಿ ರಿಯಾ ಅಂದರೆ ಜನ ನೋಡಲಿ ಅಂತ ಮಾಡುವ ಭಕ್ತಿ. ಹೊಗಳಿಕೆ ಅಲ್ಲ.

ಉತ್ತರ 4: ಇಂಗ್ಲಿಷ್ ಸ್ಪೆಲಿಂಗ್ ಈಗಲೇ ತೀರ್ಮಾನ ಮಾಡಿ. ಗ್ರೀಕ್ ಹೆಸರೇ ಬೇಕಾದರೆ ಆರ್-ಎಚ್-ಇ-ಎ. ನಮ್ಮಲ್ಲಿ ಜಾಸ್ತಿ ಜನ ಆರ್-ಐ-ವೈ-ಎ ಅಂತ ಬರೆಯುತ್ತಾರೆ, ಹಾಗಾಗಿ ನನ್ನ ಮಗಳ ಜನನ ಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಬಂದು ಪಾಸ್‌ಪೋರ್ಟ್ ಹೊತ್ತಿಗೆ ಒದ್ದಾಡಿದೆವು.

ಉತ್ತರ 5: ಅತ್ತೆಗೆ ಒಂದು ವಿಷಯ ಮಾತ್ರ ಹೇಳಬೇಡಿ. 1672ರಲ್ಲಿ ಖಗೋಳ ವಿಜ್ಞಾನಿ ಕ್ಯಾಸಿನಿ ಕಂಡುಹಿಡಿದ ಉಪಗ್ರಹಕ್ಕೂ ರಿಯಾ ಅಂತಲೇ ಹೆಸರು, ಅದು ಸುತ್ತೋದು ಶನಿಯನ್ನು 😄