ಸಹಾಯ ಬೇಕು: ಹನ್ನೆರಡು ಜನಕ್ಕೆ ಕ್ಲಬ್ ರುಚಿಯ ಎಗ್ಸ್ ಕೇಜ್ರಿವಾಲ್

ಮುಂಬಯಿ ಕನ್ನಡಿಗರೇ, ಭಾನುವಾರ ರಾತ್ರಿ ಮಾಟುಂಗದಲ್ಲಿ ಹನ್ನೆರಡು ಜನರ ಮನೆಯೂಟ. ಹಿರಿಯರಿಗೆ ಹಳೆಯ ಕ್ಲಬ್ ಊಟದ ನೆನಪು ಬರಬೇಕು: ಬಿಳಿ ಮೇಜುಬಟ್ಟೆ, ಚಿಲ್ಲಿ ಚೀಸ್ ಟೋಸ್ಟ್, ಕೊನೆಗೆ ಕ್ಯಾರಮೆಲ್ ಕಸ್ಟರ್ಡ್. ಕಸ್ಟರ್ಡ್ ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಡಬಹುದು, ಅದರ ಚಿಂತೆಯಿಲ್ಲ. ತಲೆನೋವು ಎಗ್ಸ್ ಕೇಜ್ರಿವಾಲ್‌ದು. (ಚೀಸ್ ಟೋಸ್ಟಿನ ಮೇಲೆ ಮೊಟ್ಟೆಯಿಡುವ, ಮುಂಬಯಿಯ ವಿಲ್ಲಿಂಗ್ಡನ್ ಕ್ಲಬ್ಬಿನ ದೇವಿಪ್ರಸಾದ್ ಕೇಜ್ರಿವಾಲರ ಹೆಸರಿನ ತಿಂಡಿ, ದೆಹಲಿಯ ರಾಜಕಾರಣಿ ಕೇಜ್ರಿವಾಲರಿಗೂ ಇದಕ್ಕೂ ಸಂಬಂಧವಿಲ್ಲ!)

ಒಂದು ಪ್ಲೇಟಿಗೆ ಲೆಕ್ಕ: ಒಂದೂವರೆ ಸೆಂ.ಮೀ. ದಪ್ಪದ, ಹಿಂದಿನ ದಿನದ ಬ್ರೆಡ್ ಒಂದು ಸ್ಲೈಸ್, ತುರಿದ ಚೀಸ್ 30 ಗ್ರಾಂ, ಬೀಜ ತೆಗೆದ ಹಸಿಮೆಣಸಿನಕಾಯಿ ಒಂದು, ಈರುಳ್ಳಿ ಒಂದು ಚಮಚ, ಮೇಲೆ ಹಳದಿ ಗಟ್ಟಿಯಾಗದ ಮೊಟ್ಟೆ. ಬ್ರೆಡ್ಡನ್ನು ಎರಡೂ ಕಡೆ ಬೆಣ್ಣೆ ಸವರಿ ಕಾವಲಿಯಲ್ಲಿ ಮೊದಲೇ ಗರಿಗರಿ ಮಾಡಲೇಬೇಕು. ಈರುಳ್ಳಿಗೆ ಉಪ್ಪು ಬೆರೆಸಿಟ್ಟರೆ ನೀರು ಬಿಟ್ಟು ಟೋಸ್ಟ್ ಮೆತ್ತಗಾಗುತ್ತದೆ. ಚೀಸಿನ ಉಪ್ಪೇ ಸಾಕು.

ತೊಡಕು ಹೊತ್ತಿನದು. ಓಟಿಜಿಯಲ್ಲಿ (ಮನೆಯ ಚಿಕ್ಕ ವಿದ್ಯುತ್ ಓವನ್) ಒಮ್ಮೆಗೆ ಆರೇ ಸ್ಲೈಸ್. ಎರಡನೇ ಸರದಿ ಮುಗಿಯುವಷ್ಟರಲ್ಲಿ ಮೊದಲನೆಯದರ ಚೀಸ್ ರಬ್ಬರಿನಂತೆ. ಮುಚ್ಚಿಟ್ಟರೆ ಹಬೆಗೆ ತಳ ಒದ್ದೆ. ಬಿಸಿ ಓವನ್ನಿನಲ್ಲೇ ಬಿಟ್ಟರೆ ಹಳದಿ ಗಟ್ಟಿ.

ಕೇಟರಿಂಗ್ ಕೆಲಸ ಬಲ್ಲವರು ಹೇಳಿ: ಟೋಸ್ಟನ್ನು ಜಾಲರಿಯ ಮೇಲಿಟ್ಟು, ಮೊಟ್ಟೆ ಮಾತ್ರ ಕೊನೆಯಲ್ಲಿ ದೊಡ್ಡ ಕಾವಲಿಯಲ್ಲಿ ಆರಾರು ಒಡೆದು ಹಾಕಿದರೆ ಸರಿಹೋದೀತೇ? ಪ್ರೊಸೆಸ್ಡ್ ಚೀಸ್ ಜತೆ ಚೆಡ್ಡಾರ್ ಎಷ್ಟು ಬೆರೆಸುತ್ತೀರಿ? ದಾದರ್–ಮಾಟುಂಗ ಕಡೆ ದೋಸೆಯ ದೊಡ್ಡ ಕಾವಲಿ ಒಂದು ರಾತ್ರಿಗೆ ಬಾಡಿಗೆಗೆ ಸಿಗುವ ಜಾಗ ಗೊತ್ತಿದ್ದರೂ ತಿಳಿಸಿ. ಶನಿವಾರದೊಳಗೆ ಬೇಕಿತ್ತು.