ಬಾಕಿ ಇರುವ ತೂತು

"ತೂತು ಬರ್ತಾನೇ ಇಲ್ಲ ಕಣ್ರೋ," ಅಂದ ಕಿಟ್ಟಿ, ಕಾಫಿ ಲೋಟ ಕೈಗೆ ಕೊಡುವ ಮೊದಲೇ.

"ದೋಸೆಗಾ?" ಅಂದ ಗೌಡ. ಬೆಳಗಿನ ರೈಲಿಗೆ ಮಂಡ್ಯದಿಂದ ಬಂದಿದ್ದ, ಹೊಟ್ಟೆ ಖಾಲಿ.

"ದೋಸೆಗಲ್ಲ ಮಾರಾಯ. ಇದಕ್ಕೆ."

ಕುವೆಂಪುನಗರದ ಆ ಮನೆಯ ಹಾಲಿನಲ್ಲಿ, ಟೀವಿ ಪಕ್ಕದ ಮೂಲೆಯಲ್ಲಿ, ಅಂದರೆ ಕಿಟ್ಟಿಯ ಅಪ್ಪನ ಆರಾಮ ಕುರ್ಚಿ ಇರುತ್ತಿದ್ದ ಜಾಗದಲ್ಲಿ, ಈಗ ಒಂದು ಬಿಳಿ ಕುಂಡ. ಕುಂಡದ ನಡುವೆ ತೆಂಗಿನ ನಾರು ಸುತ್ತಿದ ಕೋಲು. ಕೋಲಿಗೆ ಒರಗಿಕೊಂಡು ಒಂದು ಬಳ್ಳಿ. ಕೆಳಗಿನ ಎರಡು ಎಲೆ ಅಗಲವಾಗಿ, ಅಂಚು ಸೀಳಿಕೊಂಡು, ನಡುವೆ ತೂತು ಬಿದ್ದು, ಫೋನಿನಲ್ಲಿ ಎಲ್ಲರ ಮನೆ ಫೋಟೋದಲ್ಲೂ ಕಾಣುತ್ತಲ್ಲ, ಹಾಗೇ ಇದ್ದವು. ಮೇಲಿನ ಮೂರು ಹೊಸ ಎಲೆ ಮಾತ್ರ ಸಣ್ಣಗೆ, ಒಂದು ಸೂಜಿ ತೂತೂ ಇಲ್ಲದೆ ಮರ್ಯಾದಸ್ಥರ ಹಾಗೆ ಕೂತಿದ್ದವು.

"ಏನಿದರ ಹೆಸರು?"

"ಮಾನ್‌ಸ್ಟೆರಾ."

"ಮಿನಿಸ್ಟರಾ? ಹಾಗಾದ್ರೆ ತೂತಿಗೇನು ಬರ, ಸರಿಯಾಗಿ ಹುಡುಕು," ಅಂದ ಗೌಡ.

"ಎಷ್ಟು ಕೊಟ್ಟೆ?" ಅಂತ ಕೇಳಿದ ನಂಜುಂಡ.

"1800. ಕುಂಡ ಬೇರೆ. ಕೋಲು ಬೇರೆ."

ನಂಜುಂಡ ಕನ್ನಡಕವನ್ನು ಹಣೆಗೇರಿಸಿ ಎಲೆ ಎಣಿಸಿದ. "ಎರಡು ಎಲೆಗೆ ತೂತು ಕೊಟ್ಟಿದ್ದಾರೆ, ಮೂರಕ್ಕೆ ಕೊಟ್ಟಿಲ್ಲ. ರಸೀದಿ ತಗೊಂಡು ಹೋಗಿ ಬಾಕಿ ತೂತು ವಸೂಲು ಮಾಡ್ಕೊಂಡು ಬಾ."

"ತಮಾಷೆ ಸಾಕು. ಮೇಷ್ಟ್ರೇ, ನೀವು ಹೇಳಿ."

ಮೇಷ್ಟ್ರು ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವರು. ಕೇಳುವವರಿಗಾಗಿ ಕಾಯುತ್ತಿದ್ದರು. "ಎಳೆ ಗಿಡದ ಎಲೆಗೆ ತೂತು ಇರಲ್ಲ. ಗಿಡ ಬಲಿತ ಹಾಗೆ ಬರುತ್ತೆ. ನಿನ್ನದು ಬಲಿತ ಗಿಡವೇ. ಆದರೆ ಈ ಮೂಲೆಗೆ ಬಂದು ಹಸಿದಿದೆ, ಅದಕ್ಕೇ ಮತ್ತೆ ಎಳೆ ಎಲೆ ಬಿಡ್ತಿದೆ. ಬೆಳಕು ಸಾಲದು."

"ಮನೆಯೊಳಗೆ ಬೆಳೆಯೋ ಗಿಡ ಅಂದ್ರಲ್ಲ ನರ್ಸರಿಯವರು?"

"ಮನೆಗೆ ಕಿಟಕಿ ಇರುತ್ತಲ್ಲಪ್ಪ. ಅದರ ಹತ್ತಿರ ಇಡು. ನೇರ ಬಿಸಿಲು ಬೇಡ, ಬೆಳಕು ಬೇಕು."

"ಕಾವಲಿ ಕಾಯದೆ ಹಿಟ್ಟು ಹುಯ್ದರೆ ತೂತು ಎಲ್ಲಿಂದ ಬೀಳುತ್ತೆ?" ಅಡುಗೆಮನೆಯಿಂದ ಸರೋಜ ಹೇಳಿದಳು. "ಕಿಟಕಿ ಹತ್ತಿರ ಇಡಿ ಅಂದ್ರೆ ಇವರು ಕೇಳಲ್ಲ. ಮಗಳು ವಿಡಿಯೋ ಕಾಲ್ ಮಾಡಿದಾಗ ಹಿಂದೆ ಇದು ಕಾಣಬೇಕಂತೆ."

"ನಮ್ಮ ತಾತನ ಎಲೆ ತೋಟ ಗೊತ್ತಲ್ಲ ನಿಮಗೆ," ಅಂದ ನಂಜುಂಡ. ಗೊತ್ತಿತ್ತು, ತಿಂಗಳಿಗೊಮ್ಮೆ ಕೇಳುತ್ತಿದ್ದೆವು. "ನಂಜನಗೂಡು ರಸ್ತೆಯಲ್ಲಿ. ಮೈಸೂರು ವೀಳ್ಯದೆಲೆ ಅಂದ್ರೆ ಸುಮ್ನೆನಾ, ಜಿಐ ಟ್ಯಾಗ್ ಸಿಕ್ಕಿರೋ ಎಲೆ ಅದು. ಜಿಲ್ಲಾಧಿಕಾರಿ ಬಂದ್ರೂ ಚಪ್ಪಲಿ ಹೊರಗೆ ಬಿಟ್ಟೇ ತೋಟದೊಳಕ್ಕೆ ಬರಬೇಕು ಅನ್ನೋರು ತಾತ. ಒಂದೇ ಒಂದು ತೂತೆಲೆ ಸೇರಿಕೊಂಡಿದ್ರೆ ಅಂಗಡಿಯವನು ಇಡೀ ಕಟ್ಟನ್ನೇ ವಾಪಸ್ಸು ಎಸೀತಿದ್ದ. ಹುಳ ಹೊಡೆದ ಎಲೆನೆಲ್ಲ ಆರಿಸಿ ಆರಿಸಿ ತಿಪ್ಪೆಗೆ ಹಾಕಿದ್ರು ಪಾಪ. ಅದಕ್ಕೆ 'ಡಿಸೈನ್' ಅಂತ ಒಂದು ಹೆಸರಿಡಬಹುದು ಅಂತ ಗೊತ್ತಿದ್ದಿದ್ರೆ ಇವತ್ತು ಅರಮನೆ ಎದುರಿಗೆ ನಮ್ಮದೂ ಒಂದು ಅರಮನೆ ಇರ್ತಿತ್ತು."

"ಇದು ಹುಳದ ತೂತಲ್ಲ," ಮೇಷ್ಟ್ರು ಬಿಡಲಿಲ್ಲ. "ಮೆಕ್ಸಿಕೋದ ದಕ್ಷಿಣದಿಂದ ಪನಾಮಾದವರೆಗೆ ಇರೋ ಮಳೆಕಾಡು ಇದರ ತವರು. ದೊಡ್ಡ ಮರ ಹಿಡಿದು ಹತ್ತುತ್ತೆ. ಅಲ್ಲಿ ಕೆಳಗೆ ಬಿಸಿಲೆಲ್ಲಿ? ಅಲ್ಲೊಂದು ಇಲ್ಲೊಂದು ಚುಕ್ಕೆ ಬಿದ್ದರೆ ಹೆಚ್ಚು. ತೂತು ಬಿಟ್ಟುಕೊಂಡರೆ ಅಷ್ಟೇ ಸಾಮಾನಿನಲ್ಲಿ ಎಲೆ ಅಗಲ ಆಗುತ್ತೆ, ಯಾವುದಾದರೂ ಒಂದು ಚುಕ್ಕೆ ಸಿಕ್ಕೇ ಸಿಗುತ್ತೆ ಅಂತ ಒಂದು ವಾದ."

"ಅಂದ್ರೆ ಇದ್ದ ಒಂದು ಸೌಟು ಹಿಟ್ಟನ್ನೇ ತೆಳ್ಳಗೆ ಎಳೆದು ಕಾವಲಿ ತುಂಬ ಮಾಡೋದು," ಅಂದ ನಂಜುಂಡ. "ಪಾಪ, ಬಡತನಕ್ಕೆ ಬಿದ್ದ ತೂತು ಅದು. ಇವನು ಸಾಲದ ಕಾರ್ಡ್ ಉಜ್ಜಿ ತಂದಿದ್ದಾನೆ."

"ತಿನ್ನಬಹುದಾ?" ಗೌಡನ ಚಿಂತೆಯೇ ಬೇರೆ.

"ಬಾಯಿ ಗಂಟಲು ಉರಿಯುತ್ತೆ. ಕೆಸು, ಸುವರ್ಣಗೆಡ್ಡೆ, ಮನಿ ಪ್ಲಾಂಟು ಎಲ್ಲ ಇದರ ದಾಯಾದಿಗಳು. ಚಿಕ್ಕ ಮಕ್ಕಳು, ನಾಯಿ ಇರೋ ಮನೆಯಲ್ಲಿ ಕೈಗೆಟುಕದ ಹಾಗೆ ಇಡಬೇಕು. ಹಣ್ಣೇನೋ ತಿನ್ನಬಹುದು, ಪೂರ್ತಿ ಮಾಗಿದ ಮೇಲೆ. ಅದಕ್ಕೆ ವರ್ಷ ಹಿಡಿಯುತ್ತೆ. ಕುಂಡದಲ್ಲಿ ಬಿಡೋದೂ ಅಪರೂಪ."

"ಕೆಸುವಿನ ಜಾತಿ ಅಂದ್ರೆ ಪತ್ರೊಡೆ?"

"ಹಿಟ್ಟೆಲ್ಲ ತೂತಲ್ಲಿ ಸೋರಿ ಹೋಗುತ್ತೆ," ಅಂದ ನಂಜುಂಡ.

ಅಷ್ಟರಲ್ಲಿ ಕಿಟ್ಟಿಯ ಫೋನು ಟಿಂಗ್ ಅಂತು. ನೀರು ಹಾಕುವ ಹೊತ್ತಂತೆ. ಅವನು ಸ್ಪ್ರೇ ಬಾಟಲಿ ಹಿಡಿದು ಎದ್ದ. ಮೇಷ್ಟ್ರು ಕುಂಡಕ್ಕೆ ಬೆರಳು ಚುಚ್ಚಿ ತೋರಿಸಿದರು, ಬೆರಳ ತುಂಬ ಕೆಸರು. "ಮೇಲಿನ ಎರಡು ಅಂಗುಲ ಒಣಗೋವರೆಗೆ ಮುಟ್ಟಬೇಡ. ನೀರಿಲ್ಲದೆ ಸತ್ತದ್ದಕ್ಕಿಂತ ನೀರು ಜಾಸ್ತಿಯಾಗಿ ಬೇರು ಕೊಳೆತು ಸತ್ತ ಗಿಡಗಳನ್ನೇ ನಾನು ಜಾಸ್ತಿ ನೋಡಿದ್ದೀನಿ. ಫೋನಿಗೆ ಏನು ಗೊತ್ತು?"

"ನಿನ್ನ ಬಿಪಿ ಮಾತ್ರೆಗೂ ಹೀಗೆ ಟಿಂಗ್ ಅನ್ನುತ್ತಾ?" ಅಂತ ಕೇಳಿದ ನಂಜುಂಡ.

"ಅದಕ್ಕೆ ನಾನಿದ್ದೀನಲ್ಲ," ಅಂದಳು ಸರೋಜ.

ಕಿಟ್ಟಿ ಕೊನೆಯ ಅಸ್ತ್ರ ತೆಗೆದ. "ನೀವೇನೇ ಹೇಳಿ, ಮನೆ ಗಾಳಿ ಶುದ್ಧ ಮಾಡುತ್ತೆ ಗಿಡ. ನಾಸಾದವರೇ ಹೇಳಿದ್ದಾರೆ."

"1989ರಲ್ಲಿ ಹೇಳಿದ್ದು. ಗಾಳಿಯಾಡದ ಡಬ್ಬಿಯೊಳಗೆ ಗಿಡ ಇಟ್ಟು ಪರೀಕ್ಷೆ ಮಾಡಿದ್ರು. ನೀನೇನು ಡಬ್ಬಿಯೊಳಗಿದ್ದೀಯಾ?"

ನಂಜುಂಡ ಎದ್ದು ಹೋಗಿ ಕಿಟಕಿ ತೆಗೆದ. ಕುಕ್ಕರಹಳ್ಳಿ ಕೆರೆ ಕಡೆಯಿಂದ ತಣ್ಣನೆ ಗಾಳಿ ಬಂತು. ಯಾರೂ ನಾಸಾದ ಮಾತು ಮತ್ತೆ ಎತ್ತಲಿಲ್ಲ.

ಕುಂಡವನ್ನು ನಾಲ್ಕು ಜನ ಸೇರಿ ಕಿಟಕಿ ಹತ್ತಿರಕ್ಕೆ ಎಳೆದೆವು. ಎಳೆಯುವಾಗ ಬಳ್ಳಿ ಕೋಲಿನಿಂದ ವಾಲಿಕೊಂಡಿತು. ಕಿಟ್ಟಿ ಅದಕ್ಕೆ ಹಾಕಿದ್ದು ಪ್ಲಾಸ್ಟಿಕ್ ಕ್ಲಿಪ್ಪು, ಅದೂ ಬೇರೆ ದುಡ್ಡಿಗೆ. ಕಾಂಡ ಕಚ್ಚಿ ಗಾಯವಾಗಿತ್ತು.

"ಸರೋಜಮ್ಮ, ಹೂ ಕಟ್ಟೋ ಬಾಳೆ ನಾರಿದೆಯಾ?"

ಸರೋಜ ನಾರನ್ನು ನೀರಿನಲ್ಲಿ ಅದ್ದಿಯೇ ತಂದುಕೊಟ್ಟಳು. ನಂಜುಂಡ ಮಂಡಿಯೂರಿ ಕೂತ. ಗಣ್ಣಿನಿಂದ ಇಳಿದ ಬೇರನ್ನು ಹುಡುಕಿ, ಅದು ಕೋಲಿನ ನಾರಿಗೆ ತಾಗುವ ಹಾಗೆ ಬಳ್ಳಿಯನ್ನು ತಿರುಗಿಸಿ, ಸಡಿಲವಾಗಿ ಒಂದು ಗಂಟು ಹಾಕಿದ. ಒಳಗೆ ಕಿರುಬೆರಳು ತೂರಿಸಿ ನೋಡಿದ. ಇನ್ನೊಂದು ಗಂಟು. ಅಷ್ಟು ಹೊತ್ತು ಅವನ ಬಾಯಿಂದ ಒಂದು ಮಾತಿಲ್ಲ, ಅದು ನಮಗೆ ಹೊಸದು.

"ಅಗಸೆ ಮರಕ್ಕೆ ಹೀಗೇ ಕಟ್ಟೋರು," ಅಂದ ಆಮೇಲೆ. "ನಾನು ನಾರು ಹಿಡ್ಕೊಂಡು ಹಿಂದೆ ಹೋಗ್ತಿದ್ದೆ. ತೋಟ ಇದ್ದ ಕಡೆ ಈಗ ಕಲ್ಯಾಣ ಮಂಟಪ. ಮೊನ್ನೆ ಅಲ್ಲೇ ಒಂದು ಮದುವೆ ಊಟಕ್ಕೆ ಹೋಗಿದ್ದೆ. ತಾಂಬೂಲದ ಚೀಲ ಕೊಟ್ರು, ತೆಗೆದು ನೋಡಿದ್ರೆ ಎಲೆ ನಮ್ಮೂರದ್ದಲ್ಲ."

ಗೌಡ ಏನೋ ತಮಾಷೆ ಮಾಡಲು ಬಾಯಿ ತೆರೆದವನು ಸುಮ್ಮನಾದ.

ಕಿಟ್ಟಿ ನೋಡಲು ಹತ್ತಿರ ಬಂದ. ನಂಜುಂಡ ತಿರುಗಿ ನೋಡದೆ ಹೇಳಿದ, "ಚಪ್ಪಲಿ ಬಿಡು."

"ಮನೆಯೊಳಗೆ ಹಾಕೋದು ಕಣೋ. ಹಿಮ್ಮಡಿ ನೋವಿಗೆ ಡಾಕ್ಟರು ಹೇಳಿದ್ದು."

"ಬಳ್ಳಿ ಹತ್ತಿರ ಬರೋವಾಗ ಬಿಡು."

ಕಿಟ್ಟಿ ಎರಡು ಹೆಜ್ಜೆ ಹಿಂದೆ ಹೋಗಿ, ರಬ್ಬರ್ ಚಪ್ಪಲಿಯನ್ನು ಸೋಫಾ ಕೆಳಗೆ ಬಿಟ್ಟು ಬಂದ. ಮೇಷ್ಟ್ರು ತಮ್ಮ ಕಾಲು ನೋಡಿಕೊಂಡರು, ಬರಿಗಾಲು.

"ಸಾಕ್ಸು ಪರವಾಗಿಲ್ವಾ?" ಅಂದ ಗೌಡ.