‘ಪಿಚರ್ಸ್ ಡ್ಯುಯಲ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಹಳೇ ಬೇಸ್‌ಬಾಲ್ ಪಂದ್ಯವೊಂದರ ಬಗ್ಗೆ ಬರೆಯುತ್ತಾ ಒಂದು ಮಾತಿನ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಎರಡೂ ಕಡೆಯ ಪಿಚರ್‌ಗಳು (ಬ್ಯಾಟರ್‌ಗೆ ಚೆಂಡು ಎಸೆಯುವವರು) ರನ್ ಬಿಟ್ಟುಕೊಡದೆ ಬಿಗಿಹಿಡಿದು, ಪಂದ್ಯ 1–0, 2–1ರಲ್ಲಿ ಮುಗಿದರೆ ಅಮೆರಿಕದವರು ‘ಪಿಚರ್ಸ್ ಡ್ಯುಯಲ್’ ಅನ್ನುತ್ತಾರೆ. ಇದಕ್ಕೆ ನಮ್ಮಲ್ಲಿ ಏನಿದೆ?

ಪಂದ್ಯ 1965ರ ಸೆಪ್ಟೆಂಬರ್ 9ರದು. ಲಾಸ್ ಏಂಜಲೀಸ್‌ನಲ್ಲಿ ಡಾಡ್ಜರ್ಸ್ ಮತ್ತು ಷಿಕಾಗೋ ಕಬ್ಸ್. ಡಾಡ್ಜರ್ಸ್ ಕಡೆ ಸ್ಯಾಂಡಿ ಕೂಫ್ಯಾಕ್ಸ್, ಕಬ್ಸ್ ಕಡೆ ಬಾಬ್ ಹೆಂಡ್ಲಿ. ಇಬ್ಬರೂ ಎಡಗೈಯವರು. ಕೂಫ್ಯಾಕ್ಸ್ ಎದುರು 27 ಸರದಿ ಮುಗಿದರೂ ಒಬ್ಬರೂ ಮೊದಲ ಬೇಸ್ (ರನ್ನಿಗಾಗಿ ಸುತ್ತಬೇಕಾದ ನಾಲ್ಕು ನೆಲೆಗಳಲ್ಲಿ ಮೊದಲನೆಯದು) ಮುಟ್ಟಲಿಲ್ಲ. 14 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್), ಅದರಲ್ಲಿ ಕೊನೆಯ ಆರು ಸಾಲಾಗಿ. ಹೆಂಡ್ಲಿ ಏನೂ ಕಮ್ಮಿ ಇರಲಿಲ್ಲ. ಅವರು ಕೊಟ್ಟಿದ್ದು ಒಂದೇ ಹಿಟ್ (ಹೊಡೆತದಿಂದ ಬೇಸ್ ತಲುಪುವುದು), ಅದರಿಂದ ರನ್ನೂ ಬರಲಿಲ್ಲ. ಆದರೂ 1–0ರಿಂದ ಸೋತರು!

ಆ ಒಂದು ರನ್ ಬಂದಿದ್ದು ಹೀಗೆ. ಐದನೇ ಇನ್ನಿಂಗ್ಸ್‌ನಲ್ಲಿ ಡಾಡ್ಜರ್ಸ್‌ನ ಲೂ ಜಾನ್ಸನ್‌ಗೆ ವಾಕ್ ಸಿಕ್ಕಿತು, ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಮೊದಲ ಬೇಸ್ ಪುಕ್ಕಟೆ. ಮುಂದಿನ ಬ್ಯಾಟರ್ ಬಂಟ್ ಮಾಡಿ (ಚೆಂಡನ್ನು ಮೆಲ್ಲಗೆ ತಟ್ಟಿ), ತಾವು ಔಟಾಗಿ, ಅವರನ್ನು ಎರಡನೇ ಬೇಸ್‌ಗೆ ದಾಟಿಸಿದರು. ಜಾನ್ಸನ್ ಮೂರನೇ ಬೇಸ್ ಕದಿಯಲು, ಅಂದರೆ ಹೊಡೆತಕ್ಕೆ ಕಾಯದೆ ಅಲ್ಲಿಗೆ ಮುಟ್ಟಲು, ಓಡಿದರು. ತಡೆಯಲು ಕಬ್ಸ್‌ನ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು) ಕ್ರಿಸ್ ಕ್ರುಗ್ ಎಸೆದ ಚೆಂಡು ಯಾರ ಕೈಗೂ ಸಿಗದೆ ಹೊರ ಮೈದಾನಕ್ಕೆ ಉರುಳಿತು. ಜಾನ್ಸನ್ ಅಲ್ಲಿಂದ ಸೀದಾ ಹೋಮ್‌ಗೆ, ಅಂದರೆ ರನ್ ಪೂರ್ತಿಯಾಗುವ ಕೊನೆಯ ಬೇಸ್‌ಗೆ.

ಈಗ ಪದದ ವಿಚಾರ. ‘ಪಿಚರ್’ ಅಂತಲೇ ಬರೆದರೆ ಅರ್ಧ ಜನ ಸಿನಿಮಾ ಪಿಚ್ಚರ್ ಅಂದುಕೊಳ್ಳುತ್ತಾರೆ. ‘ಪಿಚ್’ ಅಂದರೆ ನಮಗೆ ನೆಲ. ಹಾಗಾಗಿ ‘ಎಸೆತಗಾರ’ ಇರಲಿ ಅಂತ ನನ್ನ ಲೆಕ್ಕ. ‘ಕಾಳಗ’, ‘ದ್ವಂದ್ವಯುದ್ಧ’ ಜಾಸ್ತಿ ಆಯ್ತು. ‘ಜಿದ್ದಾಜಿದ್ದಿ’ಯನ್ನು ಪತ್ರಿಕೆಗಳು ಎಲ್ಲ ಪಂದ್ಯಕ್ಕೂ ಹಚ್ಚುತ್ತವೆ. ‘ಮೇಲಾಟ’ ಪರವಾಗಿಲ್ಲ, ಆದರೆ ಅದರಲ್ಲಿ ಒಬ್ಬರನ್ನು ಒಬ್ಬರು ತುಳಿಯುವ ವಾಸನೆ ಇದೆ. ಇಲ್ಲಿ ಇಬ್ಬರೂ ಮೈದಾನದ ನಡುವಿನ ಒಂದೇ ದಿಬ್ಬದ ಮೇಲೆ ಸರದಿಯಲ್ಲಿ ನಿಂತು ತಮ್ಮ ತಮ್ಮ ಕೆಲಸ ಮಾಡುತ್ತಾರೆ, ಅಷ್ಟೆ.

ಅದಕ್ಕೇ ಯಕ್ಷಗಾನದ ‘ಜೋಡಾಟ’ ಹೊಳೆಯಿತು. ಎರಡು ಮೇಳ, ಅಕ್ಕಪಕ್ಕ ಎರಡು ರಂಗಸ್ಥಳ, ಒಂದೇ ಪ್ರಸಂಗ. ಯಾರೂ ಯಾರ ಮೈಮೇಲೂ ಬೀಳುವುದಿಲ್ಲ, ಆದರೆ ಪೈಪೋಟಿ ಮಾತ್ರ ಬೆಳಗಿನವರೆಗೆ. ‘ಎಸೆತಗಾರರ ಜೋಡಾಟ’ ಅಂದರೆ ಹೇಗೆ? ಅಲ್ಲಿ ಇಬ್ಬರೂ ಒಟ್ಟಿಗೇ ಕುಣಿಯುತ್ತಾರೆ, ಇಲ್ಲಿ ಸರದಿ ಪ್ರಕಾರ. ಈ ವ್ಯತ್ಯಾಸ ಕಿವಿಗೆ ಚುಚ್ಚುತ್ತದೆಯೇ? ಕರಾವಳಿ, ಮಲೆನಾಡಿನವರು ಹೇಳಬೇಕು. ಬಯಲುಸೀಮೆಯವರಿಗೆ ಅರ್ಥ ಆಗುತ್ತದೆಯೇ ಅನ್ನೋದೂ ಬೇಕು. ಅಂದಹಾಗೆ, ಅದೇ ಸೆಪ್ಟೆಂಬರ್‌ನಲ್ಲಿ ಷಿಕಾಗೋದಲ್ಲಿ ಕೂಫ್ಯಾಕ್ಸ್, ಹೆಂಡ್ಲಿ ಇಬ್ಬರೂ ಮತ್ತೆ ಎದುರಾಗಿ, ಹೆಂಡ್ಲಿ 2–1ರಿಂದ ಗೆದ್ದರು. ಇಂಥ ಜೋಡಿಗೆ ‘ಜೋಡಾಟ’ ಸುಮ್ನೆ ಅಲ್ಲ ಅನ್ನಿಸುತ್ತದೆ.

ಇನ್ನೊಂದು ಚಿಕ್ಕ ಪ್ರಶ್ನೆ. ಜಾನ್ಸನ್ ಗಳಿಸಿದಂತೆ ಫೀಲ್ಡರ್ ತಪ್ಪಿನಿಂದ ಬಂದ ರನ್ ತಂಡಕ್ಕೆ ಸೇರುತ್ತದೆ, ಪಿಚರ್ ಸರಾಸರಿಯ ಲೆಕ್ಕಕ್ಕೆ ಹೋಗುವುದಿಲ್ಲ. ‘ಅನ್‌ಅರ್ನ್ಡ್ ರನ್’ ಅನ್ನುತ್ತಾರೆ. ಕ್ರಿಕೆಟ್ ಪಟ್ಟಿಯ ‘ಇತರೆ’ ಇದಲ್ಲ. ‘ಬಿಟ್ಟಿ ರನ್’ ಅನ್ನೋಣ ಅಂದರೆ ಜಾನ್ಸನ್ ಪಾಪ, ಅಷ್ಟು ಓಡಿದ್ದಾರೆ. ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಅನ್ನೋ ಮಾತನ್ನೇ ಮೊಟಕು ಮಾಡಿ ‘ಲೆಕ್ಕಕ್ಕಿಲ್ಲದ ರನ್’ ಅಂದರೆ, ಪಂದ್ಯ ಗೆಲ್ಲಿಸಿದ ರನ್ನಿಗೆ ಹೀಗನ್ನೋದು ಅನ್ಯಾಯ ಅಲ್ವಾ? ಬೇರೆ ಏನಾದರೂ ಹೊಳೆದರೆ ತಿಳಿಸಿ.